ಮಂಜುಗಡ್ಡೆಯ ಕೆಳಗೆ ಕ್ರಾಪಿ ಹುಡುಕುವುದು

ಕ್ರಾಪಿ ಮೇಲಕ್ಕೆ ನೋಡಿ ತಿನ್ನುವ ಮೀನು. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಅರ್ಧ ಕೆಲಸ ಆದ ಹಾಗೆ. ಐಸ್ ಫಿಶಿಂಗ್‌ಗೆ, ಅಂದರೆ ಕೆರೆಯ ಮೇಲಿನ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು, ಹೊಸದಾಗಿ ಬಂದವರು ಗಾಳವನ್ನು ತಳ ಮುಟ್ಟಿಸಿ, ಒಂದಡಿ ಮೇಲೆತ್ತಿ ಕಾಯುತ್ತಾರೆ. ವಾಲ್‌ಐ, ಪರ್ಚ್ ಮೀನಿಗೆ ಅದು ಸರಿ. ಕ್ರಾಪಿ ಮಾತ್ರ ನಡುಚಳಿಗಾಲದಲ್ಲಿ ತಳ ಬಿಟ್ಟು ನಡುನೀರಿನಲ್ಲಿ ಗುಂಪಾಗಿ ನಿಂತಿರುತ್ತದೆ. ತನ್ನ ಕೆಳಗೆ ಹೋದ ತಿಂಡಿಯನ್ನು ಅದು ತಿರುಗಿ ನೋಡುವುದು ತುಂಬಾ ಕಡಿಮೆ.

ನಾನು ಮೀನು ಹಿಡಿಯುವುದು ಅಮೆರಿಕದ ಮಿನೆಸೋಟಾದಲ್ಲಿ, ಮಿನಿಯಾಪೊಲಿಸ್ ಸುತ್ತಮುತ್ತಲಿನ ಕೆರೆಗಳಲ್ಲಿ. ಇಲ್ಲಿ ಸಿಗುವುದು ಹೆಚ್ಚಾಗಿ ಕಪ್ಪು ಕ್ರಾಪಿ. ಬೆಳ್ಳಿ ಬಣ್ಣದ ಚಪ್ಪಟೆ ಮೈ, ಅದರ ತುಂಬಾ ಚೆಲ್ಲಾಪಿಲ್ಲಿ ಕಪ್ಪು ಚುಕ್ಕೆ. ಬೆನ್ನಿನ ರೆಕ್ಕೆಯ ಮುಳ್ಳು ಎಣಿಸಿದರೆ 7 ಅಥವಾ 8 ಇರುತ್ತದೆ. ಬಿಳಿ ಕ್ರಾಪಿಗೆ 5 ಅಥವಾ 6. ಇಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಜೊತೆಗೆ ಬಂದಾಗ ಕೇಳುವುದು ಯಾವ ಗಾಳ, ಯಾವ ರಾಡ್ ಅಂತ. ನಾನು ಮೊದಲು ತೋರಿಸುವುದು ಕೆರೆಯ ನಕ್ಷೆ. ಮೀನು ಇಲ್ಲದ ಕಡೆ ಯಾವ ಗಾಳ ಹಾಕಿದರೂ ಒಂದೇ.

ನಕ್ಷೆಗಿಂತ ಮೊದಲು ಗಡ್ಡೆ ಗಟ್ಟಿ ಇದೆಯಾ ನೋಡಬೇಕು. ನಡೆದು ಹೋಗಲು 4 ಇಂಚಾದರೂ ತಿಳಿಗಡ್ಡೆ ಬೇಕು ಅನ್ನುತ್ತದೆ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ. ಹಿಮ ಬೆರೆತ ಬಿಳಿ ಗಡ್ಡೆಯಾದರೆ ಅದರ ಎರಡರಷ್ಟು. ದಡದಿಂದಲೇ ಕಬ್ಬಿಣದ ಉಳಿಕೋಲಿನಿಂದ ಕುಟ್ಟಿಕೊಂಡು ಹೋಗುತ್ತೇನೆ. ಕೊರಳಲ್ಲಿ ಐಸ್ ಪಿಕ್ ನೇತಾಡುತ್ತಿರುತ್ತದೆ, ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರುವ ಮೊಳೆ ಅದು. ಇದರಲ್ಲಿ ರಾಜಿ ಇಲ್ಲ.

ಡಿಸೆಂಬರ್‌ನಲ್ಲಿ ಗಡ್ಡೆ ಕಟ್ಟಿದ ಹೊಸದರಲ್ಲಿ ಕ್ರಾಪಿ 6ರಿಂದ 12 ಅಡಿ ನೀರಿನಲ್ಲಿ, ಕಳೆ ಬೆಳೆದ ಕಡೆ ಇರುತ್ತದೆ. ಕಳೆ ಹಸಿರಾಗಿರಬೇಕು, ಅದು ಮುಖ್ಯ. ಗಾಳಕ್ಕೆ ಸಿಕ್ಕ ಎಳೆಯನ್ನು ಕೈಗೆ ತೆಗೆದುಕೊಂಡು ಮುರಿದು ನೋಡುತ್ತೇನೆ. ಪಟ್ ಅಂತ ಮುರಿದರೆ ಅಲ್ಲೇ ನಿಲ್ಲುತ್ತೇನೆ. ಕಂದಾಗಿ, ಲೋಳೆಯಾಗಿ ಬೆರಳಿಗೆ ಅಂಟಿಕೊಂಡರೆ ಜಾಗ ಬದಲಿಸುತ್ತೇನೆ. ಕೊಳೆಯುವ ಕಳೆ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಮೀನು ಅಲ್ಲಿ ನಿಲ್ಲುವುದಿಲ್ಲ.

ಜನವರಿ ಹೊತ್ತಿಗೆ ಗಡ್ಡೆಯ ಮೇಲೆ ಹಿಮ ಕೂತು ಬೆಳಕು ಕಡಿಮೆಯಾಗುತ್ತದೆ, ಕಳೆ ಸಾಯುತ್ತದೆ. ಆಗ ಕ್ರಾಪಿ ಆಳದ ಬೇಸಿನ್‌ಗೆ ಹೋಗುತ್ತದೆ. ಬೇಸಿನ್ ಅಂದರೆ 20ರಿಂದ 35 ಅಡಿ ಆಳದ, ಕೆಸರು ತಳದ ಅಗಲ ಗುಂಡಿ. ಚಳಿಗಾಲದಲ್ಲಿ ಗಡ್ಡೆಗೆ ತಾಗಿದ ನೀರು ಸೊನ್ನೆ ಡಿಗ್ರಿ, ತಳದ್ದು 4 ಡಿಗ್ರಿಯ ಹತ್ತಿರ. ಹಾಗಾದರೆ ಮೀನು ಬೆಚ್ಚಗಿರುವ ತಳದಲ್ಲೇ ಇರಬೇಕಲ್ವಾ ಅನ್ನಿಸುತ್ತದೆ. ಆದರೆ ಆಮ್ಲಜನಕ ಮೊದಲು ತೀರುವುದೂ ತಳದಲ್ಲೇ. ಜೊತೆಗೆ ಅದರ ಊಟ ಸಿಗುವುದು ನಡುನೀರಿನಲ್ಲಿ. ಈ ಎರಡು ಕಾರಣಕ್ಕೆ ಅದು ನಡುವೆ ನಿಲ್ಲುತ್ತದೆ.

ಬೇಸಿನ್ ದೊಡ್ಡದು, ಹಾಗಂತ ಎಲ್ಲೆಂದರಲ್ಲಿ ಕೊರೆಯುವುದಿಲ್ಲ. ಕಳೆ ಇದ್ದ ಕೊಲ್ಲಿಗೆ ತೀರಾ ಹತ್ತಿರದ ಗುಂಡಿ ಯಾವುದು ಅಂತ ನಕ್ಷೆಯಲ್ಲಿ ನೋಡುತ್ತೇನೆ. ಇಲಾಖೆಯ ಆಳದ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಇಳಿಜಾರು ಮುಗಿದು ಕೆಸರು ಶುರುವಾಗುವ ಅಂಚಿನಿಂದ ಗುಂಡಿಯ ನಡುವಿನವರೆಗೆ ಸಾಲಾಗಿ, ಹದಿನೈದಿಪ್ಪತ್ತು ಹೆಜ್ಜೆಗೊಂದು ತೂತು. ಎಲ್ಲವನ್ನೂ ಒಂದೇ ಸಲ ಕೊರೆದು ಮುಗಿಸುತ್ತೇನೆ. ತೂತು ಕೊರೆಯುವ ಆಗರ್‌ನ ಸದ್ದು ಅಡಗಿದ ಮೇಲೆ, ನೀರಿನೊಳಗಿನ ಮೀನು ತೋರಿಸುವ ಫ್ಲ್ಯಾಶರ್ ಹಿಡಿದು ಒಂದೊಂದೇ ತೂತಿಗೆ ಹೋಗುತ್ತೇನೆ. ಗಡ್ಡೆ ತಿಳಿಯಾಗಿದ್ದರೆ ಇನ್ನೂ ಸುಲಭ. ಹಿಮ ಸರಿಸಿ, ಸ್ವಲ್ಪ ನೀರು ಸುರಿದು ಫ್ಲ್ಯಾಶರ್‌ನ ಸೆನ್ಸರ್ ಇಟ್ಟರೆ ಕೊರೆಯದೆಯೇ ಆಳ ಕಾಣುತ್ತದೆ.

ಫ್ಲ್ಯಾಶರ್ ಅಂದರೆ ದುಂಡನೆಯ ಮುಖದ ಸೋನಾರ್, ನೀರಿಗೆ ಶಬ್ದ ಕಳಿಸಿ ಪ್ರತಿಧ್ವನಿಯನ್ನು ಗೆರೆಯಾಗಿ ತೋರಿಸುವ ಯಂತ್ರ. ನನ್ನ ಹತ್ತಿರ ಇರುವುದರಲ್ಲಿ ಬಲವಾದ ಪ್ರತಿಧ್ವನಿ ಕೆಂಪು, ನಡುತರದ್ದು ಕಿತ್ತಳೆ, ದುರ್ಬಲವಾದದ್ದು ಹಸಿರು. ತಳ ದಪ್ಪ ಕೆಂಪು ಪಟ್ಟಿ. ಅದರ ಮೇಲೆ ಖಾಲಿ, ಆಮೇಲೆ ನಡುವೆ ಒಂದೆರಡು ಗೆರೆ ಮಿನುಗಿದರೆ ಅದು ಹೆಚ್ಚಾಗಿ ಕ್ರಾಪಿ. ಗೆರೆ ಹಸಿರಿನಲ್ಲೇ ಇದ್ದರೆ ಮೀನು ಬದಿಯಲ್ಲಿದೆ. ಕೆಂಪಾದರೆ ಸರಿಯಾಗಿ ತೂತಿನ ಕೆಳಗಿದೆ. ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಅನ್ನುವ ಸೋನಾರ್ 2018ರಲ್ಲಿ ಬಂದ ಮೇಲೆ ದೂರದ ಗುಂಪು ಎತ್ತ ಈಜುತ್ತಿದೆ ಅನ್ನುವುದೂ ಪರದೆಯಲ್ಲಿ ಕಾಣುತ್ತದೆ. ಹುಡುಕಾಟ ಬೇಗ ಮುಗಿಯುತ್ತದೆ, ನಿಜ. ಆದರೆ ಬೇಸಿನ್‌ನಲ್ಲಿ ಕೆರೆಯ ಕ್ರಾಪಿ ಬಹಳಷ್ಟು ಒಂದೇ ಕಡೆ ಸೇರಿರುತ್ತದೆ. ದಿನವೂ ಹತ್ತಾರು ಜನ ಅದೇ ಗುಂಪಿನ ಬೆನ್ನು ಹತ್ತಿದರೆ ಸಣ್ಣ ಕೆರೆ ತಡೆಯುವುದಿಲ್ಲ. ಅದಕ್ಕೇ ನಾನು ಹಳೆ ಫ್ಲ್ಯಾಶರ್‌ನಲ್ಲೇ ಇದ್ದೇನೆ.

ಹೊತ್ತು ಮುಳುಗುವ ಮುಂಚೆ ಒಂದು ಗಂಟೆ, ಮುಳುಗಿದ ಮೇಲೆ ಒಂದು ಗಂಟೆ. ನನ್ನ ಪಾಲಿಗೆ ದಿನದ ಒಳ್ಳೆಯ ಹೊತ್ತು ಇದು. ಕಾರಣ ಮೀನಿನ ಹೊಟ್ಟೆಯಲ್ಲೇ ಇದೆ. ಬೇಸಿನ್‌ನ ಕ್ರಾಪಿ ಸೀಳಿದಾಗ ಎಷ್ಟೋ ಸಲ ಮಿನ್ನೋ ಅನ್ನುವ ಸಣ್ಣ ಮೀನಿನ ಬದಲು ಬಣ್ಣವೇ ಇಲ್ಲದ, ಉಗುರಿನ ಅಂಚಿನಷ್ಟು ಉದ್ದದ ಹುಳುಗಳ ಮುದ್ದೆ ಸಿಗುತ್ತದೆ. ಇವು ಸೊಳ್ಳೆಯ ಹತ್ತಿರದ ಜಾತಿಯ ಕೀಟದ ಮರಿಗಳು. ಹಗಲೆಲ್ಲ ಕೆಸರಿನಲ್ಲಿ ಅಡಗಿದ್ದು ಕತ್ತಲಾಗುತ್ತಲೇ ಮೇಲೇರುತ್ತವೆ. ಮೀನೂ ಅವುಗಳ ಜೊತೆ ಏರುತ್ತದೆ. ನಾಲ್ಕು ಗಂಟೆಗೆ 25 ಅಡಿಯಲ್ಲಿದ್ದ ಗೆರೆ ಆರು ಗಂಟೆಗೆ 15 ಅಡಿಗೆ ಬಂದಿರಬಹುದು. ಅದಕ್ಕೆ ತಕ್ಕಂತೆ ಗಾಳವನ್ನೂ ಏರಿಸುತ್ತಾ ಇರಬೇಕು.

ಈಗ ಗಾಳದ ವಿಷಯ. 4 ಮಿಲಿಮೀಟರ್ ಟಂಗ್‌ಸ್ಟನ್ ಜಿಗ್ (ತಲೆಗೆ ಲೋಹದ ಗುಂಡು ಇರುವ ಗಾಳ), 3 ಪೌಂಡ್ ತಡೆಯುವ ದಾರ, ಮೆತ್ತನೆ ತುದಿಯ ಗಿಡ್ಡ ರಾಡ್. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಹಾಗಾಗಿ ಸಣ್ಣದಾಗಿದ್ದರೂ ಬೇಗ ಇಳಿಯುತ್ತದೆ. ಅದಕ್ಕೆ ಒಂದೋ ಎರಡೋ ವ್ಯಾಕ್ಸ್‌ವರ್ಮ್ ಅನ್ನುವ ಬಿಳಿ ಹುಳು, ಇಲ್ಲವಾದರೆ ತೆಳ್ಳನೆ ಬಾಲದ ಪ್ಲಾಸ್ಟಿಕ್ ಹುಳು. ಮಿನೆಸೋಟಾದಲ್ಲಿ ಚಳಿಗಾಲದಲ್ಲಿ ಎರಡು ದಾರ ಬಿಡಬಹುದು. ಹಾಗಾಗಿ ಪಕ್ಕದ ತೂತಿನಲ್ಲಿ ಬೆಂಡಿಗೆ ಕಟ್ಟಿದ ಜೀವಂತ ಮಿನ್ನೋ ಒಂದನ್ನು ಸುಮ್ನೆ ಬಿಟ್ಟಿರುತ್ತೇನೆ.

ಜಿಗ್ ಮೀನಿನ ಮಟ್ಟಕ್ಕೆ ಇಳಿಯಲೇಬಾರದು. ಗೆರೆ 22 ಅಡಿಯಲ್ಲಿದ್ದರೆ 20ಕ್ಕೇ ನಿಲ್ಲಿಸುತ್ತೇನೆ. ಬೆರಳಿನಲ್ಲಿ ರಾಡ್ ಅನ್ನು ಸಣ್ಣಗೆ ನಡುಗಿಸುತ್ತೇನೆ, ಕುಣಿಸುವುದಿಲ್ಲ. ಕೆಳಗಿನ ಗೆರೆ ಅಲುಗಿ ಮೇಲೇರಲು ಶುರುವಾದರೆ ಜಿಗ್ ಅನ್ನೂ ನಿಧಾನವಾಗಿ ಎತ್ತುತ್ತೇನೆ. ಅರ್ಧ ಅಡಿ, ಇನ್ನರ್ಧ ಅಡಿ. ಹಿಂಬಾಲಿಸಿ ಬರುವ ಮೀನು ಕಚ್ಚುವ ಮೀನು. ಬಂದು ಹತ್ತಿರ ನಿಂತೇ ಬಿಟ್ಟರೆ ನಾನೂ ಕೈ ನಿಲ್ಲಿಸುತ್ತೇನೆ.

ಕಚ್ಚಿದ್ದು ಗೊತ್ತಾಗುವ ಬಗೆ ಇದರಲ್ಲಿ ಬೇರೆ. ಕ್ರಾಪಿ ಕೆಳಗಿನಿಂದ ಬಂದು ಜಿಗ್ ಬಾಯಿಗೆ ಹಾಕಿಕೊಂಡು ಮೇಲಕ್ಕೇ ಹೋಗುತ್ತದೆ. ಎಳೆತ ಇರುವುದೇ ಇಲ್ಲ. ಬಗ್ಗಿದ್ದ ರಾಡ್ ತುದಿ ನೆಟ್ಟಗಾಗುತ್ತದೆ, ಬಿಗಿಯಾಗಿದ್ದ ದಾರ ಸಡಿಲ ಬೀಳುತ್ತದೆ. ಅದೇ ಹೊತ್ತು. ಜೋರಾಗಿ ಜಗ್ಗದೆ ಮಣಿಕಟ್ಟಿನಿಂದ ಮೆಲ್ಲಗೆ ಎತ್ತಿದರೆ ಸಾಕು. ಇದರ ಬಾಯಿಯ ಪೊರೆ ಹಪ್ಪಳದಷ್ಟು ತೆಳು, ಜಗ್ಗಿದರೆ ಹರಿದು ಹೋಗುತ್ತದೆ. ಸುತ್ತುವಾಗಲೂ ಒಂದೇ ವೇಗ. ತೂತಿನ ಬಾಯಿಗೆ ಬಂದ ಕೂಡಲೇ ತಲೆಯನ್ನು ಮೇಲೆ ತಿರುಗಿಸಿ ಕೈಯಿಂದ ಎತ್ತಿಕೊಳ್ಳುತ್ತೇನೆ.

ಆಳದ ಮೀನಿನ ಬಗ್ಗೆ ಒಂದು ಮಾತು ಹೇಳಲೇಬೇಕು. 30 ಅಡಿಯಿಂದ ಎಳೆದ ಕ್ರಾಪಿಯ ಒಳಗಿನ ಗಾಳಿಚೀಲ ಉಬ್ಬುತ್ತದೆ. ಕಣ್ಣು ಹೊರಗೆ ಬರುತ್ತದೆ, ಕೆಲವೊಮ್ಮೆ ಹೊಟ್ಟೆಯ ಭಾಗ ಬಾಯಲ್ಲಿ ಕಾಣುತ್ತದೆ. ವಾಪಸ್ ಬಿಟ್ಟರೂ ಎಷ್ಟೋ ಮೀನು ಉಳಿಯುವುದಿಲ್ಲ. ಆದ್ದರಿಂದ ಅಷ್ಟು ಆಳದಲ್ಲಿ ಹಿಡಿದು ಬಿಡುವ ಆಟವನ್ನು ನಾನು ಆಡುವುದಿಲ್ಲ. ಮನೆಗೆ ಬೇಕಾದಷ್ಟು ಹಿಡಿದು, ಗೆರೆಗಳು ಇನ್ನೂ ಮಿನುಗುತ್ತಿದ್ದರೂ ಎದ್ದು ಬಿಡುತ್ತೇನೆ. ರಾಜ್ಯದ ಮಿತಿ ಒಬ್ಬರಿಗೆ 10, ಕೆಲವು ಕೆರೆಗಳಲ್ಲಿ ಇನ್ನೂ ಕಡಿಮೆ. ನಮ್ಮ ಮನೆಗೆ ಐದಾರು ಮೀನು ಧಾರಾಳ. ಮುಳ್ಳು ಬಿಡಿಸಿದ ತುಂಡಿಗೆ ಮೆಣಸಿನಪುಡಿ, ಅರಿಸಿನ, ಉಪ್ಪು, ಹುಣಸೆರಸ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ಎರಡೇ ನಿಮಿಷ. ಮಾಂಸ ಮೃದು, ಜಾಸ್ತಿ ಹೊತ್ತು ಬಿಟ್ಟರೆ ಪುಡಿಯಾಗುತ್ತದೆ.

ಒಂದು ಕೆರೆ ಮೂರ್ನಾಲ್ಕು ವರ್ಷ ಚೆನ್ನಾಗಿ ಕೊಟ್ಟು ಆಮೇಲೆ ಬರಿದಾಗುವುದೂ ಉಂಟು. ಕ್ರಾಪಿ ಮರಿಗಳು ಪ್ರತಿ ವರ್ಷ ಒಂದೇ ಸಮ ಉಳಿಯುವುದಿಲ್ಲ. ಉತ್ತರದ ಅಪ್ಪರ್ ರೆಡ್ ಲೇಕ್‌ನಲ್ಲಿ ವಾಲ್‌ಐ ಕುಸಿದು 1999ರಲ್ಲಿ ಅದರ ಬೇಟೆಯನ್ನೇ ನಿಲ್ಲಿಸಿದರು. ಆ ಹೊತ್ತಿನಲ್ಲಿ ಅಲ್ಲಿ ದೊಡ್ಡ ಕ್ರಾಪಿಗಳು ವಿಪರೀತ ಹೆಚ್ಚಿದವು, ಚಳಿಗಾಲದಲ್ಲಿ ಜನ ಮುಗಿಬಿದ್ದರು. ವಾಲ್‌ಐ ಚೇತರಿಸಿಕೊಂಡು 2006ರಲ್ಲಿ ಬೇಟೆ ಮತ್ತೆ ಶುರುವಾಯಿತು. ಕ್ರಾಪಿಯ ಆ ಸುಗ್ಗಿ ಮಾತ್ರ ಉಳಿಯಲಿಲ್ಲ. ಹಾಗಾಗಿ ನಾನು ಒಂದೇ ಕೆರೆಗೆ ಜೋತು ಬೀಳುವುದಿಲ್ಲ. ಎರಡು ಮೂರು ಕೆರೆಯ ನಕ್ಷೆ ಯಾವಾಗಲೂ ಜೊತೆಗಿರುತ್ತದೆ.

ಮಾರ್ಚ್‌ನಲ್ಲಿ ಹಿಮ ಕರಗಿದ ನೀರು ಹಳೆ ತೂತುಗಳಲ್ಲಿ, ತೊರೆ ಸೇರುವ ಕಡೆ ಒಳಗಿಳಿಯುತ್ತದೆ. ಅದರೊಂದಿಗೆ ಆಮ್ಲಜನಕವೂ ಬರುತ್ತದೆ. ಕ್ರಾಪಿ ಬೇಸಿನ್ ಬಿಟ್ಟು ಮತ್ತೆ ಕಿರುಗೊಲ್ಲಿಗಳ ಬಾಯಿಗೆ, ಹತ್ತು ಅಡಿ ನೀರಿಗೆ ಬರುತ್ತದೆ, ಗಡ್ಡೆಗೆ ನಾಲ್ಕೈದು ಅಡಿ ಕೆಳಗೇ ಸಿಗುತ್ತದೆ. ಹಾಗಂತ ತೊರೆಯ ಬಾಯಿಗೇ ಹೋಗಬೇಡಿ, ಗಡ್ಡೆ ಮೊದಲು ಸವೆಯುವುದು ಅಲ್ಲೇ. ದಡದ ಅಂಚು ಬಿಟ್ಟುಕೊಂಡಿದ್ದರೆ ಗಡ್ಡೆಯ ನಡುಭಾಗ ಎಷ್ಟೇ ದಪ್ಪ ಇರಲಿ, ನಾನು ಆ ವರ್ಷದ ಆಗರ್ ಬ್ಲೇಡ್ ಒರೆಸಿ, ಎಣ್ಣೆ ಹಚ್ಚಿ ಒಳಗಿಡುತ್ತೇನೆ.