ಹಿಂದಿನ ಗ್ಲಾಸಿನ ಡಿಫಾಗರ್: ಗ್ಲಾಸ್ ಬದಲಿಸದೆ ನಾನೇ ಸರಿ ಮಾಡಿಕೊಂಡಿದ್ದು

ಮಡಿಕೇರಿಯಲ್ಲಿ ಜೂನ್ ಶುರುವಾದರೆ ಕಾರಿನ ಹೊರಗೂ ನೀರು, ಒಳಗೂ ನೀರು. ಒದ್ದೆ ಕೊಡೆ, ಒದ್ದೆ ಚಪ್ಪಲಿ, ಮಕ್ಕಳ ಸ್ವೆಟರ್, ನಾಲ್ಕು ಜನರ ಉಸಿರು. ಈ ತೇವವೆಲ್ಲ ತಣ್ಣಗಿರುವ ಗ್ಲಾಸಿನ ಮೇಲೆ ಹೋಗಿ ಕೂರುತ್ತದೆ. ಮುಂದಿನ ಗ್ಲಾಸಿಗೆ ಎಸಿ ಗಾಳಿ ಬಿಟ್ಟರೆ ಎರಡು ನಿಮಿಷದಲ್ಲಿ ತಿಳಿಯಾಗುತ್ತದೆ. ಹಿಂದಿನ ಗ್ಲಾಸಿಗೆ ಗಾಳಿ ತಲುಪುವುದೇ ಇಲ್ಲ, ಅಲ್ವಾ? ಅದಕ್ಕೆ ಇರುವುದು ಡಿಫಾಗರ್ ಒಂದೇ. ಗ್ಲಾಸಿನ ಮೇಲೆ ಅಡ್ಡಡ್ಡ ಕಂದು ಗೆರೆಗಳಿರುತ್ತವಲ್ಲ, ಕರೆಂಟ್ ಹರಿದು ಬಿಸಿಯಾಗಿ ಮಂಜು ಬಿಡಿಸುವುದು, ಅದೇ.

ಕಳೆದ ವರ್ಷ ಜೂನ್‌ನಲ್ಲಿ ಸುಳ್ಯದಿಂದ ಸಂಜೆ ವಾಪಸ್ ಬರುತ್ತಿದ್ದೆವು. ಸಂಪಾಜೆ ಘಾಟಿ ಹತ್ತುವಾಗ ಹಿಂದಿನ ಗ್ಲಾಸು ಪೂರ್ತಿ ಬೆಳ್ಳಗಾಯಿತು. ಸ್ವಿಚ್ ಒತ್ತಿದೆ, ಸ್ವಿಚ್ಚಿನ ದೀಪ ಹತ್ತಿತು, ಗ್ಲಾಸು ಮಾತ್ರ ಹಾಗೇ ಇತ್ತು. ಮಗಳು ಹಿಂದೆ ಕೂತು ಬಟ್ಟೆಯಲ್ಲಿ ಒರೆಸುತ್ತಿದ್ದಳು, ಒರೆಸಿದ ಕಡೆ ಮತ್ತೆ ಮಂಜು ಹಿಡಿಯುತ್ತಿತ್ತು. ಹಿಂದೆ ಬರುತ್ತಿರುವುದು ಬಸ್ಸೋ ಲಾರಿಯೋ, ಎಷ್ಟು ಹತ್ತಿರ ಇದೆ, ಏನೂ ಗೊತ್ತಾಗುತ್ತಿರಲಿಲ್ಲ. ಆ ತಿರುವುಗಳಲ್ಲಿ ಕುಟುಂಬವನ್ನು ಕೂರಿಸಿಕೊಂಡು ಹಾಗೆ ಬರುವುದು ನನಗೆ ನಿಜವಾಗಿ ಭಯವಾಯಿತು.

ಮರುದಿನ ಕಾರು ವೈರಿಂಗ್ ಮಾಡುವವರ ಹತ್ತಿರ ಹೋದೆ. ಅವರು ಸ್ವಿಚ್ ಹಾಕಿ ಗ್ಲಾಸಿನ ಮೇಲೆ ಕೈ ಇಟ್ಟು ನೋಡಿ, "ಗ್ಲಾಸೇ ಹೋಗಿದೆ ಅಣ್ಣ, ಹೊಸದು ಹಾಕಬೇಕು" ಅಂದರು. ಮೀಟರ್ ಇಟ್ಟು ಏನೂ ನೋಡಲಿಲ್ಲ. ನನ್ನದು ಪಂಪ್‌ಸೆಟ್ ಮತ್ತು ಮಿಕ್ಸಿ ರಿಪೇರಿ ಕೆಲಸ, ಮೋಟರ್ ವೈಂಡಿಂಗ್ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಅಳೆಯದೆ ಒಂದು ಸಾಮಾನನ್ನು ಸತ್ತಿದೆ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಒಂದು ಭಾನುವಾರ ಕಾರನ್ನು ಶೆಡ್ಡಿಗೆ ಹಾಕಿಕೊಂಡು ನಾನೇ ಕೂತೆ.

ಮೊದಲು ಗೆರೆಗಳ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಇದು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಗ್ಲಾಸಿನ ಎರಡು ಬದಿಯಲ್ಲಿ ಎರಡು ಅಗಲ ಪಟ್ಟಿ, ಅವುಗಳ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಗೆರೆಗಳು. ನನ್ನ ಕಾರಿನಲ್ಲಿ 12 ಗೆರೆ. ಒಂದು ಪಟ್ಟಿಗೆ ಪ್ಲಸ್ ಬರುತ್ತದೆ, ಇನ್ನೊಂದು ಅರ್ತ್, ಅಂದರೆ ಕಾರಿನ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ. ಪ್ರತಿ ಗೆರೆಯೂ ತನ್ನಷ್ಟಕ್ಕೆ ತಾನು ಕರೆಂಟ್ ಎಳೆಯುತ್ತದೆ. ಹಾಗಾಗಿ ಒಂದು ಗೆರೆ ತುಂಡಾದರೆ ಅದೊಂದೇ ಸಾಯುತ್ತದೆ, ಉಳಿದವು ಬಿಸಿಯಾಗುತ್ತಲೇ ಇರುತ್ತವೆ. ಹನ್ನೆರಡೂ ಒಟ್ಟಿಗೆ ತಣ್ಣಗಿದ್ದರೆ ಗೆರೆಗಳನ್ನು ಯಾಕೆ ಬೈಯಬೇಕು? ತಪ್ಪು ಅದಕ್ಕೆ ಮುಂಚೆಯೇ ಎಲ್ಲೋ ಇದೆ. ಫ್ಯೂಸ್, ರಿಲೇ (ಸ್ವಿಚ್ ಒತ್ತಿದಾಗ ದೊಡ್ಡ ಕರೆಂಟನ್ನು ಹಾಯಿಸುವ ಸಣ್ಣ ಪೆಟ್ಟಿಗೆ), ವೈರ್, ಅರ್ತ್, ಇಲ್ಲವೇ ಪಟ್ಟಿಗೆ ಬೆಸುಗೆ ಹಾಕಿರುವ ಪಿನ್ ಕಿತ್ತು ಬಂದಿರಬೇಕು.

ಫ್ಯೂಸ್ ಚೆನ್ನಾಗಿತ್ತು. ಸ್ವಿಚ್ ಒತ್ತಿದಾಗ ರಿಲೇ ಟಕ್ ಅನ್ನುವುದು ಕೇಳಿಸುತ್ತಿತ್ತು. ಡಿಕ್ಕಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿ ಪಿನ್ ನೋಡಿದೆ, ಎರಡೂ ಗಟ್ಟಿಯಾಗಿದ್ದವು. ಪ್ಲಸ್ ಕನೆಕ್ಟರ್ ಕಳಚಿ, ಇಂಜಿನ್ ಚಾಲೂ ಇಟ್ಟು, ಸ್ವಿಚ್ ಹಾಕಿ ಮೀಟರ್ ಇಟ್ಟರೆ 13.6 ವೋಲ್ಟ್. ಅರ್ತ್ ಕೂಡ ಸರಿ. ಆಗ ನನಗೂ ಒಂದು ಕ್ಷಣ ಅನ್ನಿಸಿತು, ವೈರಿಂಗ್‌ನವರು ಹೇಳಿದ್ದೇ ನಿಜವೇನೋ ಅಂತ. ಗ್ಲಾಸಿನ ಬಾಗಿಲ ತನಕ ಕರೆಂಟ್ ಬಂದು ನಿಂತಿದೆ, ಒಳಗೆ ಬಿಸಿ ಇಲ್ಲ ಅಂದರೆ ಇನ್ನೇನು?

ಆದರೆ ಎರಡು ಪಿನ್‌ಗಳ ನಡುವೆ ಓಮ್ಸ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ, ನೋಡಿದೆ. 1.2 ತೋರಿಸಿತು. ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೇ 0.4 ಬರುತ್ತಿತ್ತು, ಅದನ್ನು ಕಳೆದರೆ 0.8. ಇಷ್ಟು ಕಡಿಮೆ ಬಂದರೆ ಗ್ಲಾಸ್ ಬದುಕಿದೆ ಅಂತಲೇ ಅರ್ಥ. ಸತ್ತ ಗ್ಲಾಸಾಗಿದ್ದರೆ ಮೀಟರ್ ಏನೂ ತೋರಿಸುತ್ತಿರಲಿಲ್ಲ.

ಆಗ ನನಗೆ ನೆನಪಾಗಿದ್ದು ನಮ್ಮ ಪಂಪ್‌ಸೆಟ್ ಕಥೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವ ಸಮಯದಲ್ಲಿ ತೋಟದವರು ಫೋನ್ ಮಾಡುತ್ತಾರೆ: "ವೋಲ್ಟೇಜ್ ಸರಿಯಾಗಿದೆ, ಮೋಟರ್ ತಿರುಗ್ತಾ ಇಲ್ಲ." ಹೋಗಿ ನೋಡಿದರೆ ಮೋಟರ್ ಆಫ್ ಇದ್ದಾಗ ವೋಲ್ಟೇಜ್ ಸರಿ. ಸ್ಟಾರ್ಟರ್ ಒತ್ತಿದ ತಕ್ಷಣ ದಬಕ್ಕನೆ ಕೆಳಗೆ ಬೀಳುತ್ತದೆ. ಎಲ್ಲೋ ಒಂದು ಜಾಯಿಂಟ್ ಸುಟ್ಟಿರುತ್ತದೆ. ಮೀಟರ್ ಎಳೆಯುವ ಕರೆಂಟ್ ಏನೂ ಅಲ್ಲ, ಅಷ್ಟಕ್ಕೆ ಒಂದು ಎಳೆ ತಂತಿ ತಾಗಿದ್ದರೂ ಸಾಕು. ಮೋಟರ್ ಎಳೆದಾಗಲೇ ನಿಜ ಗೊತ್ತಾಗುವುದು.

ಕನೆಕ್ಟರ್ ಮತ್ತೆ ಹಾಕಿ, ಅದರ ಹಿಂಬದಿಯಿಂದ ಕಡ್ಡಿ ತೂರಿಸಿ, ಸ್ವಿಚ್ ಒತ್ತಿದೆ. 13.6 ಇದ್ದದ್ದು 1 ವೋಲ್ಟಿಗೆ ಇಳಿಯಿತು. ಸಿಕ್ಕಿತು ಅಂದುಕೊಂಡೆ! ಬರಬೇಕಾದ 13 ವೋಲ್ಟ್ ಬಂದಿದ್ದರೆ ಈ ಗ್ಲಾಸು 16 ಆಂಪ್ಸ್ ಎಳೆದು ಸುಮಾರು 210 ವ್ಯಾಟ್ ಬಿಸಿ ಕೊಡುತ್ತಿತ್ತು. 1 ವೋಲ್ಟ್ ಬಂದರೆ ಕರೆಂಟೂ ಅಷ್ಟೇ ಪಾಲು ಇಳಿಯುತ್ತದೆ, ಹಾಗಾಗಿ ಬಿಸಿ ಹದಿಮೂರರಲ್ಲಿ ಒಂದು ಪಾಲಲ್ಲ, 169ರಲ್ಲಿ ಒಂದು ಪಾಲು. ಅಂದರೆ ಒಂದೂಕಾಲು ವ್ಯಾಟ್. ಕೈ ಇಟ್ಟರೆ ತಣ್ಣಗೇ ಇರುತ್ತದೆ, ಇನ್ನೇನು.

ಇನ್ನು ಮಧ್ಯದಲ್ಲಿ ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕುವುದು ಸುಲಭ. ಕಾರಿನ ಬಾಡಿ ಕಡೆಯ ಕನೆಕ್ಟರಿನಲ್ಲಿ, ಲೋಡ್ ಇದ್ದಾಗಲೇ (ಅಂದರೆ ಗ್ಲಾಸು ಕರೆಂಟ್ ಎಳೆಯುತ್ತಿರುವಾಗಲೇ), 13ಕ್ಕೂ ಮೇಲೆ. ಡಿಕ್ಕಿ ಬಾಗಿಲಿನಲ್ಲಿ 1. ಇವೆರಡರ ನಡುವೆ ಇರುವುದು ಮೇಲಿನ ಕೀಲಿನ ಹತ್ತಿರದ ರಬ್ಬರ್ ಕೊಳವೆ ಒಂದೇ. ಡಿಕ್ಕಿ ತೆಗೆದಾಗಲೆಲ್ಲ, ಹಾಕಿದಾಗಲೆಲ್ಲ ಅದರೊಳಗಿನ ವೈರ್‌ಗಳು ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತವೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಮೊದಲು ಅನುಮಾನ ಪಡಬೇಕಾದ ಜಾಗ ಅದೇ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಸ್ವಿಚ್ ಹಾಕಿ ಬಾಗಿಲನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿದರೆ ಮೀಟರ್ ಕುಣಿಯುತ್ತಿತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ ರಬ್ಬರ್ ಎಳೆದು ನೋಡಿದೆ. ದಪ್ಪ ವೈರಿನ ತಾಮ್ರ ಪೂರ್ತಿ ತುಂಡಾಗಿ, ಹಸಿರು ಕಿಲುಬು ಹಿಡಿದು, ಎರಡು ತುದಿ ಸುಮ್ನೆ ತಾಗಿಕೊಂಡು ಕೂತಿದ್ದವು. ಮೇಲಿನ ಪ್ಲಾಸ್ಟಿಕ್ ಬಿಸಿಗೆ ಕಂದಿತ್ತು. ಇದನ್ನು ನೋಡಿ ಸ್ವಲ್ಪ ಗಾಬರಿಯೇ ಆಯಿತು. ಇಡೀ ಗ್ಲಾಸಿಗಿಂತ ಹೆಚ್ಚು ಬಿಸಿ ಆ ಒಂದು ಚುಕ್ಕೆಯಲ್ಲಿ ಹುಟ್ಟುತ್ತಿತ್ತು. ಡಿಫಾಗರ್ ಕೆಲಸ ಮಾಡದಿದ್ದರೂ ಸ್ವಿಚ್ ಹಾಕಿಕೊಂಡೇ ಓಡಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ತುಂಡಾದ ಜಾಗದಲ್ಲೇ ಜಾಯಿಂಟ್ ಹಾಕಿ ಟೇಪ್ ಸುತ್ತಿದರೆ ಅರ್ಧ ಗಂಟೆಯ ಕೆಲಸ. ಆದರೆ ಸೋಲ್ಡರ್ (ಬೆಸುಗೆ) ಹೀರಿದ ತಂತಿ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಮಡಚುವ ಜಾಗದಲ್ಲಿ ಅದನ್ನಿಟ್ಟರೆ ಸೋಲ್ಡರ್ ಮುಗಿಯುವ ತುದಿಯಲ್ಲಿ ಮತ್ತೆ ಮುರಿಯುತ್ತದೆ. ಅದಕ್ಕೆ ಹಳೆ ತುಂಡನ್ನೇ ಕತ್ತರಿಸಿ ತೆಗೆದು, 2.5 ಚದರ ಮಿಲಿಮೀಟರ್‌ನ, ಸಣ್ಣ ಎಳೆಗಳಿರುವ ಮೆತ್ತನೆ ವೈರ್ ಒಂದಡಿಗಿಂತ ಸ್ವಲ್ಪ ಜಾಸ್ತಿ ಹಾಕಿದೆ. ಒಂದು ಜಾಯಿಂಟ್ ಬಾಡಿ ಒಳಗೆ, ಇನ್ನೊಂದು ಡಿಕ್ಕಿ ಬಾಗಿಲಿನ ಒಳಗೆ. ಮಡಚುವ ಕಡೆ ಬರೀ ಹೊಸ ವೈರ್. ಎರಡಕ್ಕೂ ಸೋಲ್ಡರ್, ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ. ರಬ್ಬರಿನೊಳಗೆ ತೂರಿಸಲು ವೈಂಡಿಂಗ್ ತಂತಿಯ ಒಂದು ತುಂಡನ್ನು ಮೊದಲು ಎಳೆದು, ವೈರಿಗೆ ಪೌಡರ್ ಹಚ್ಚಿ, ಅದರ ಹಿಂದೆ ಎಳೆದೆ. ಸುಲಭವಾಗಿ ಬಂತು. ಅದೇ ಕೊಳವೆಯಲ್ಲಿ ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪದ ವೈರ್ ಕೂಡ ಇದ್ದವು. ಎರಡರ ಮೇಲ್ಪದರ ಬಿರಿದಿತ್ತು. ಅವನ್ನೂ ಆಗಲೇ ಬದಲಿಸಿದೆ, ಮತ್ತೆ ಯಾರು ಬಿಚ್ಚುತ್ತಾರೆ?

ಈಗ ಲೋಡ್ ಕೊಟ್ಟು ಅಳೆದರೆ ಪಿನ್ನಿನಲ್ಲಿ 12.9. ಗ್ಲಾಸಿನ ಒಳಗೆ ಕೆಟಲ್ಲಿನ ಹಬೆ ಹಿಡಿದು ಮಂಜು ಮಾಡಿ ಸ್ವಿಚ್ ಒತ್ತಿದೆ. ಗೆರೆಗೆರೆಯಾಗಿ ಬಿಡತೊಡಗಿತು. ಆದರೆ ಮೂರು ಗೆರೆಯ ಜಾಗದಲ್ಲಿ ಮಂಜು ಪಟ್ಟಿ ಹಾಗೇ ಉಳಿಯಿತು. ಅದೂ ನಡುವಿನಲ್ಲೇ, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವ ಎತ್ತರದಲ್ಲಿ.

ಇದು ಬೇರೆಯೇ ತಪ್ಪು. ಇದರ ಕಾರಣವೂ ನನಗೆ ಗೊತ್ತಿತ್ತು. ಕಾರು 2010ರದ್ದು, ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಮೊದಲು ಇದಕ್ಕೆ ಕಪ್ಪು ಫಿಲ್ಮ್ ಇತ್ತು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ಲಾಸಿಗೆ ಫಿಲ್ಮ್ ಹಚ್ಚುವಂತಿಲ್ಲ ಅಂದಾಗ ತುಂಬಾ ಜನ ಅವಸರದಲ್ಲಿ ಕಿತ್ತು, ಉಳಿದ ಗೋಂದನ್ನು ಬ್ಲೇಡಿನಲ್ಲಿ ಕೆರೆದರು. ಗೆರೆಗಳಿರುವುದು ಗ್ಲಾಸಿನ ಒಳಮುಖದಲ್ಲಿ, ಫಿಲ್ಮ್ ಹಚ್ಚುವುದೂ ಅಲ್ಲೇ. ಬ್ಲೇಡ್ ಒಂದು ಸಲ ಅಡ್ಡ ಹೋದರೆ ಗೆರೆ ಮುಗಿಯಿತು. ನನ್ನ ಗ್ಲಾಸಿನಲ್ಲಿ ಆ ಗೀರು ಬೆಳಕಿಗೆ ಹಿಡಿದರೆ ಓರೆಯಾಗಿ ಕಾಣುತ್ತಿತ್ತು.

ಗೀರು ಕಂಡರೂ ಗೆರೆ ಸರಿಯಾಗಿ ಎಲ್ಲಿ ತುಂಡಾಗಿದೆ ಅಂತ ಮೀಟರೇ ಹೇಳಬೇಕು. ಡಿಫಾಗರ್ ಸ್ವಿಚ್ ಹಾಕಿ, ಮೀಟರಿನ ಕಪ್ಪು ಕಡ್ಡಿ ಅರ್ತ್ ಪಿನ್ನಿಗೆ. ಕೆಂಪು ಕಡ್ಡಿಯ ಚೂಪು ತುದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿಕೊಂಡೆ, ಇಲ್ಲದಿದ್ದರೆ ನಾವೇ ಇನ್ನೊಂದು ಗೀರು ಮಾಡುತ್ತೇವೆ. ಚೆನ್ನಾಗಿರುವ ಗೆರೆಯ ಮೇಲೆ ಪ್ಲಸ್ ಬದಿಯಿಂದ ಅರ್ತ್ ಬದಿಗೆ ಹೋದ ಹಾಗೆ ವೋಲ್ಟೇಜ್ ನಿಧಾನಕ್ಕೆ ಇಳಿಯುತ್ತದೆ, ನಡುವೆ ಆರೂವರೆಯ ಹತ್ತಿರ. ತುಂಡಾದ ಗೆರೆಯಲ್ಲಿ ಇಳಿಯುವುದೇ ಇಲ್ಲ. ಪೂರ್ತಿ ವೋಲ್ಟೇಜ್ ಇದ್ದು ಇದ್ದು, ಒಂದು ಕಡೆ ತಟ್ಟನೆ ಸೊನ್ನೆ. ಆ ಜಾಗದಲ್ಲಿ ಗ್ಲಾಸಿನ ಹೊರಗಡೆಯಿಂದ ಮಾರ್ಕರ್ ಚುಕ್ಕೆ. ಮೂರು ಗೆರೆಯಲ್ಲಿ ಮೂರು ಚುಕ್ಕೆ ಸಿಕ್ಕಿದವು.

ಗ್ಲಾಸಿಗೆ ಸೋಲ್ಡರಿಂಗ್ ಕಡ್ಡಿ ಇಡುವ ಯೋಚನೆ ನಾನು ಮಾಡಲಿಲ್ಲ. ಇದಕ್ಕೆಂದೇ ಕರೆಂಟ್ ಹರಿಯುವ ಬೆಳ್ಳಿ ಬಣ್ಣ ಸಿಗುತ್ತದೆ, ನಿಜವಾಗಿ ಬೆಳ್ಳಿಯ ಪುಡಿ ಇರುವಂಥದ್ದು. ಸಣ್ಣ ಬಾಟಲಿ ಆನ್‌ಲೈನ್‌ನಲ್ಲಿ ತರಿಸಿದೆ. ಸುಮ್ಮನೆ ಬೆಳ್ಳಿ ಹೊಳಪಿನ ಪೇಂಟ್ ತಂದರೆ ಪ್ರಯೋಜನವಿಲ್ಲ. ಸ್ಪಿರಿಟ್‌ನಲ್ಲಿ ಜಾಗ ಒರೆಸಿ, ಗೆರೆಯ ಅಗಲವಷ್ಟೇ ಬಿಟ್ಟು ಮೇಲೆ ಕೆಳಗೆ ಟೇಪ್ ಅಂಟಿಸಿ, ಬಾಟಲಿ ಚೆನ್ನಾಗಿ ಕುಲುಕಿ, ತುಂಡಾದ ಕಡೆಯಿಂದ ಎರಡೂ ಬದಿಗೆ ಅರ್ಧ ಸೆಂಟಿಮೀಟರ್ ಹಳೆ ಗೆರೆಯ ಮೇಲೂ ಬರುವ ಹಾಗೆ ತೆಳ್ಳಗೆ ಬಳಿದೆ. ಒಣಗಿದ ಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಮಡಿಕೇರಿಯ ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪೇಂಟ್! ಬಾಟಲಿ ಮೇಲೆ 24 ಗಂಟೆ ಅಂತ ಇತ್ತು. ನಾನು ಶೆಡ್ಡಿನಲ್ಲಿ ಎರಡು ದಿನ ಬಿಟ್ಟೆ, ಅಷ್ಟು ಹೊತ್ತು ಸ್ವಿಚ್ ಮುಟ್ಟಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹಬೆ ಹಿಡಿದು ನೋಡಿದರೆ ಆರು ನಿಮಿಷದಲ್ಲಿ ಗ್ಲಾಸು ತಿಳಿಯಾಯಿತು. ಮಗಳು ಹಿಂದೆ ಕೂತು ಬೆರಳಿನಲ್ಲಿ ಎಣಿಸಿ, "ಅಪ್ಪಾ, ಹನ್ನೊಂದು ಬಂತು, ಇಲ್ಲಿ ಒಂದು ಇನ್ನೂ ಇದೆ" ಅಂದಳು. ಎಡ ಪಟ್ಟಿಗೆ ತೀರಾ ಹತ್ತಿರ ತುಂಡಾಗಿದ್ದ ಗೆರೆ ಅದು, ಅಲ್ಲಿ ಟೇಪ್ ಸರಿಯಾಗಿ ಕೂರದೆ ಪೇಂಟ್ ಹರಡಿತ್ತು. ಅದನ್ನು ಹಾಗೇ ಬಿಟ್ಟಿದ್ದೇನೆ. ಒಂದು ಗೆರೆ ಸತ್ತರೆ ಅಕ್ಕಪಕ್ಕದ ಬಿಸಿಗೆ ಆ ಪಟ್ಟಿಯೂ ನಿಧಾನಕ್ಕೆ ಬಿಡುತ್ತದೆ, ಎರಡು ಮೂರು ನಿಮಿಷ ತಡ ಅಷ್ಟೆ.

ಈಗ ಒಳಗಿನಿಂದ ಒರೆಸುವಾಗ ಮೆತ್ತನೆ ಬಟ್ಟೆ, ಅದೂ ಗೆರೆಯ ಉದ್ದಕ್ಕೆ, ಅಡ್ಡಕ್ಕಲ್ಲ. ಡಿಕ್ಕಿಯಲ್ಲಿ ಗ್ಲಾಸಿಗೆ ತಾಗುವ ಹಾಗೆ ಚೀಲ ಇಡುವುದಿಲ್ಲ. ಇಂಜಿನ್ ಆಫ್ ಇದ್ದಾಗ ಡಿಫಾಗರ್ ಹಾಕುವುದಿಲ್ಲ, ಸತ್ತ ಗೆರೆಗಳೂ ಬದುಕಿದ ಮೇಲೆ ಅದು 16 ಆಂಪ್ಸಿಗೂ ಜಾಸ್ತಿ ಎಳೆಯುತ್ತದೆ, ಬ್ಯಾಟರಿಗೆ ಸಣ್ಣ ಹೊರೆಯಲ್ಲ. ನನ್ನ ಕಾರಿನಲ್ಲಿ ಅದು ತಾನಾಗಿ ಆಫ್ ಆಗುವುದಿಲ್ಲ, ಗ್ಲಾಸು ತಿಳಿಯಾದ ಕೂಡಲೇ ನಾನೇ ಆಫ್ ಮಾಡುತ್ತೇನೆ. ಉಳಿದ ಆ ಒಂದು ಗೆರೆಗೆ ಡಿಸೆಂಬರ್ ಬಿಸಿಲು ಬಂದಾಗ ಹಳೆ ಪೇಂಟ್ ಒರೆಸಿ ತೆಗೆದು ಮತ್ತೆ ಬಳಿಯಬೇಕು. ಬಾಟಲಿಯಲ್ಲಿ ಇನ್ನೂ ಅರ್ಧ ಇದೆ, ಮುಚ್ಚಳ ಬಿಗಿ ಮಾಡಿ ತಂಪಿನಲ್ಲಿ ಇಟ್ಟಿದ್ದೇನೆ.