ಗೀಸರ್ ನೀರು ಕಾಯದಿದ್ದರೆ ಮೊದಲು ಈ ಗುಂಡಿ ನೋಡಿ
ವಿದ್ಯುತ್ ಬರುತ್ತಿದ್ದೂ ಗೀಸರ್ ನೀರು ತಣ್ಣಗೇ ಇದ್ದರೆ, ಕಾಯಿಲ್ ಸುಟ್ಟಿದೆ ಎಂದು ಹೊಸದು ತರಲು ಹೊರಡಬೇಡಿ. ವಿದ್ಯುತ್ ಬೋರ್ಡ್‌ನಲ್ಲಿರುವ ಗೀಸರ್‌ನ ಎಂಸಿಬಿ ಸ್ವಿಚ್ ಇಳಿಸಿ (ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ, ದಯವಿಟ್ಟು), ಕೆಳಗಿನ ಮುಚ್ಚಳ ಬಿಚ್ಚಿ, ಶಾಖ ನಿಯಂತ್ರಿಸುವ ಥರ್ಮೋಸ್ಟಾಟ್ ಬಳಿಯ ಕಟ್‌ಔಟ್‌ನ ಪುಟ್ಟ ಗುಂಡಿಯನ್ನು ಒತ್ತಿ. ‘ಟಿಕ್’ ಎಂದು ಸದ್ದಾದರೆ ಅದು ಟ್ರಿಪ್ ಆಗಿತ್ತು ಎಂದರ್ಥ. ಮುಚ್ಚಳ ಹಾಕಿಯೇ ಎಂಸಿಬಿ ಏರಿಸಿ. ಶಾಖ ಮಿತಿಮೀರಿದಾಗ ಕಟ್‌ಔಟ್ ವಿದ್ಯುತ್ ಕಡಿಯುತ್ತದೆ, ಕೈಯಿಂದ ಒತ್ತುವ ತನಕ ಮತ್ತೆ ಕೂಡಿಸುವುದಿಲ್ಲ. ಬೀದರ್‌ನ ಚಳಿಗೆ ನಾವು ಗೀಸರ್‌ನ ಶಾಖದ ಡಯಲನ್ನು ಪೂರ್ತಿ ತಿರುಗಿಸಿಬಿಡುತ್ತೇವೆ. ಗಡಸು ಬೋರ್‌ವೆಲ್ ನೀರು ಬಿಸಿಯಾದಷ್ಟೂ ಕಾಯಿಲ್ ಮೇಲೆ ಸುಣ್ಣದ ಪದರ ಬೇಗ ಕಟ್ಟುತ್ತದೆ. ಆದ್ದರಿಂದ 75 ಡಿಗ್ರಿ ಬೇಡ, 55ರಿಂದ 60 ಡಿಗ್ರಿ ಸ್ನಾನಕ್ಕೆ ಧಾರಾಳವಾಗಿ ಸಾಕು. ಎಲ್ಲ ಮಾದರಿಗಳಲ್ಲೂ ಈ ಗುಂಡಿ ಇರುವುದಿಲ್ಲ. ಒತ್ತಿದ ಕೆಲವೇ ದಿನಗಳಲ್ಲಿ ಮತ್ತೆ ಟ್ರಿಪ್ ಆದರೆ ಥರ್ಮೋಸ್ಟಾಟ್ ಕೆಟ್ಟಿರಬಹುದು, ಅಥವಾ ಸುಣ್ಣ ದಪ್ಪವಾಗಿ ಕಟ್ಟಿರಬಹುದು. ಆಗ ಪದೇ ಪದೇ ಒತ್ತುವುದು ಅಪಾಯ, ಎಲೆಕ್ಟ್ರಿಷಿಯನ್ನರನ್ನೇ ಕರೆಯಿರಿ. ನಲ್ಲಿ ಮುಟ್ಟಿದಾಗ ಸಣ್ಣಗೆ ಶಾಕ್ ಹೊಡೆದಿದ್ದರಂತೂ ಮುಚ್ಚಳಕ್ಕೆ ಕೈ ಹಾಕಲೇಬೇಡಿ.