ನೀಲಿ ಹೊಳಪು ಮಂಕಾದರೆ ಕಬ್ಬಿಣ ಸಿಕ್ಕಿತು ಅಂತಲ್ಲ

ವಿಜ್ಞಾನ ಮೇಳಗಳಲ್ಲಿ ಈ ಪ್ರಯೋಗವನ್ನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ. ಯುವಿ (ಅತಿನೇರಳೆ) ಟಾರ್ಚ್ ಬಿಟ್ಟರೆ ಲೋಟದ ದ್ರಾವಣ ನೀಲಿಯಾಗಿ ಹೊಳೆಯುತ್ತದೆ. ಕಬ್ಬಿಣ ಬೆರೆತ ನೀರು ಹಾಕಿದರೆ ಹೊಳಪು ಮಂಕಾಗುತ್ತದೆ. ಚೆಂದದ ಪ್ರಯೋಗ, ಆದರೆ ಕೊನೆಯಲ್ಲೇ ಮಕ್ಕಳು ಎಡವುತ್ತಾರೆ: ಮಂಕಾದ ಕೂಡಲೇ ಕಬ್ಬಿಣ ಸಿಕ್ಕಿತು ಅಂದುಬಿಡುತ್ತಾರೆ.

ಹೊಳೆಯುವುದು ಕಾರ್ಬನ್ ಡಾಟ್, ಅಂದರೆ ಸುಮಾರು 10 ನ್ಯಾನೋಮೀಟರ್‌ಗಿಂತ ಸಣ್ಣ ಇಂಗಾಲದ ಕಣ. 2004ರಲ್ಲಿ ಅಮೆರಿಕದಲ್ಲಿ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಶುದ್ಧ ಮಾಡುವಾಗ ಅಕಸ್ಮಾತ್ತಾಗಿ ಸಿಕ್ಕಿದ್ದು. ಪಾದರಸದ ಪತ್ತೆಗೂ ಇಂಥ ಕಣಗಳನ್ನು ಬಳಸುತ್ತಾರೆ. ಶಾಲೆಗೆ ಪಾದರಸ ಬೇಡವೇ ಬೇಡ, ಕಬ್ಬಿಣ ಸಾಕು.

ತಯಾರಿ ಸುಲಭ. ಸಿಟ್ರಿಕ್ ಆಸಿಡ್ 3 ಗ್ರಾಂ, ಯೂರಿಯಾ 3 ಗ್ರಾಂ, ನೀರು 10 ಮಿ.ಲೀ. ಬೀಕರ್‌ನಲ್ಲಿ ಕರಗಿಸಿ, ಮೈಕ್ರೋವೇವ್‌ನಲ್ಲಿ 4–5 ನಿಮಿಷ ಇಟ್ಟರೆ ಕಂದು ಗಟ್ಟಿ ಆಗುತ್ತದೆ. ಅಮೋನಿಯಾ ಘಾಟು ಬರುತ್ತದೆ, ಕಿಟಕಿ ತೆರೆದಿರಲಿ, ಶಿಕ್ಷಕರು ಪಕ್ಕದಲ್ಲಿರಲಿ. ಅಡುಗೆ ಮಾಡುವ ಓವನ್ ಬೇಡ. ಗೊಬ್ಬರದ ಅಂಗಡಿಯ ಯೂರಿಯಾಗೆ ಬೇವಿನೆಣ್ಣೆ ಲೇಪನ ಇರುತ್ತದೆ, ಪ್ರಯೋಗಾಲಯದ್ದನ್ನೇ ತನ್ನಿ. ಆರಿದ ಮೇಲೆ ನೀರು ಹಾಕಿ ಕರಗಿಸಿ, ಸೋಸಿ.

ಈ ಕಂದು ದ್ರಾವಣವನ್ನು ಹಾಗೇ ಬಳಸಬೇಡಿ. ಹೊಳಪು ಅದರಲ್ಲೇ ಸತ್ತಿರುತ್ತದೆ. ಬಣ್ಣ ಕಂಡೂ ಕಾಣದಂತೆ ಆಗುವವರೆಗೆ ಡಿಸ್ಟಿಲ್ಡ್ ವಾಟರ್ ಬೆರೆಸುತ್ತಾ ಹೋಗಿ.

ಟಾರ್ಚ್ 365 ನ್ಯಾನೋಮೀಟರ್ ತರಂಗಾಂತರದ್ದೇ ಆಗಲಿ. ಅಗ್ಗದ 395ರದು ತಾನೇ ನೇರಳೆ ಬೆಳಕು ಚೆಲ್ಲಿ ಕಣ್ಣು ತಪ್ಪಿಸುತ್ತದೆ. ಯಾರ ಕಣ್ಣಿಗೂ ಬಿಡಬೇಡಿ. ಲೋಟವನ್ನು ಸೋಪಿನ ಪುಡಿಯಿಂದ ತೊಳೆಯಬೇಡಿ, ಬಟ್ಟೆ ಬೆಳ್ಳಗಾಗಿಸುವ ವಸ್ತುವೂ ಯುವಿಯಲ್ಲಿ ನೀಲಿಯಾಗಿಯೇ ಹೊಳೆಯುತ್ತದೆ! ಒಮ್ಮೆ ಖಾಲಿ ಲೋಟವೇ ಹೊಳೆದದ್ದನ್ನು ಕಂಡಿದ್ದೇನೆ.

ಈಗ ಕಷ್ಟದ ಹಂತ. ಮೂರು ಲೋಟಗಳಿಗೆ ದ್ರಾವಣವನ್ನು ಸಮನಾಗಿ ಹಾಕಿ. ಒಂದಕ್ಕೆ ಐದು ಹನಿ ಬರೀ ಡಿಸ್ಟಿಲ್ಡ್ ವಾಟರ್, ಇನ್ನೊಂದಕ್ಕೆ ಐದು ಹನಿ ವಿನೆಗರ್, ಮೂರನೆಯದಕ್ಕೆ ಐದು ಹನಿ ತೆಳು ಫೆರಿಕ್ ಕ್ಲೋರೈಡ್ (ಕಬ್ಬಿಣದ ಲವಣ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ). ವಿನೆಗರ್ ಯಾಕೆ? ಫೆರಿಕ್ ಕ್ಲೋರೈಡ್ ಹುಳಿ, ಬರೀ ಹುಳಿಗೇ ಹೊಳಪು ಬದಲಾದೀತು.

ಇಷ್ಟೂ ಸಾಲದು. ಫೆರಿಕ್ ಕ್ಲೋರೈಡಿನ ಹಳದಿ ನೀರು ಟಾರ್ಚಿನ ಯುವಿಯನ್ನೇ ನುಂಗುತ್ತದೆ. ಅದೇ ಅಳತೆಯಲ್ಲಿ ತೆಳುಮಾಡಿದ ಕಬ್ಬಿಣದ ನೀರನ್ನು ಬೇರೆ ಲೋಟದಲ್ಲಿಟ್ಟು, ಟಾರ್ಚಿಗೂ ಒಂದನೇ ಲೋಟಕ್ಕೂ ನಡುವೆ ಹಿಡಿಯಿರಿ. ಪಕ್ಕದಲ್ಲಿ ಬರೀ ನೀರಿನ ಲೋಟ ಹಿಡಿದೂ ನೋಡಿ. ಕಬ್ಬಿಣದ ನೀರಿನ ಲೋಟ ಅಡ್ಡ ಬಂದಾಗ ಮಾತ್ರ ಮಂಕಾದರೆ ಅದು ನೆರಳು. ಮೂರನೇ ಲೋಟ ಆ ನೆರಳಿಗಿಂತಲೂ ವಿನೆಗರ್ ಲೋಟಕ್ಕಿಂತಲೂ ಇನ್ನೂ ಮಂಕಾದಷ್ಟು ಮಾತ್ರ ಕಬ್ಬಿಣ ಕಾರ್ಬನ್ ಡಾಟ್‌ನ ಹೊಳಪನ್ನು ತಗ್ಗಿಸಿದ್ದು. ಚಾರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ.

ಉಳಿದ ಫೆರಿಕ್ ಕ್ಲೋರೈಡನ್ನು ಸ್ಟೀಲ್ ಸಿಂಕಿಗೆ ಸುರಿಯಬೇಡಿ, ಲೋಹವನ್ನೇ ಕೊರೆಯುತ್ತದೆ.